ಈರಿಯ ಹೊಟ್ಟೆ ಸೇರಿದ ಎರೆಹುಳು

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ ಅದು. ಹಳ್ಳಗಳಿಗೆ ತಾವು ಹರಿಯಬೇಕಾದ ದಾರಿಯೇ ಸರಿಯಾಗಿ ಗೊತ್ತಿರಲಿಲ್ಲ. ಹಳ್ಳ, ಹಸು, ಹುಳು, ಮನುಷ್ಯರು ಎಲ್ಲರೂ ಒಂದೇ ಭಾಷೆ ಆಡುತ್ತಿದ್ದರು. ಆಗ ಸಾಕವ್ವ ಅಂತ ಒಬ್ಬಳಿದ್ದಳು. ಅವಳಿಗೆ ಈರಿ ಅಂತ ಒಬ್ಬಳೇ ಮಗಳು.

ಸಾಕವ್ವನಿಗೆ ತೊಳೆಯುವ ಹುಚ್ಚು. ಬೂದಿ ಹಾಕಿ ತಿಕ್ಕಿದ ಮಡಕೆಯನ್ನೇ ಮತ್ತೆ ತಿಕ್ಕುವಳು. ಮೊಸರಿನ ಮಡಕೆಗೆ ಮಾತ್ರ ಅವಸರ ಮಾಡುತ್ತಿರಲಿಲ್ಲ. ತಳದ ಮೊಸರನ್ನು ಒಂದಿಷ್ಟು ಚಿಪ್ಪಿಗೆ ಎತ್ತಿಟ್ಟುಕೊಂಡ ಮೇಲೇ ಅದಕ್ಕೆ ನೀರು. ಹೆಪ್ಪು ಹೋದರೆ ನಾಳೆಯ ಹಾಲು ಮೊಸರಾಗೋದು ಹೇಗೆ ಹೇಳು? ಇಷ್ಟು ತಿಳಿದವಳೇ ಮಗಳ ವಿಷಯದಲ್ಲಿ ಎಡವಿಬಿಟ್ಟಳು.

ಒಂದು ದಿನ ಈರಿ ಹಳ್ಳದ ದಂಡೆಯಲ್ಲಿ ಕೂತು ಮಣ್ಣು ತಿಂದಳು. ನಿನ್ನ ಹಾಗೇ. ಬಾಯಿಂದ ಕೈ ತೆಗಿ ಮೊದಲು.

ಸಾಕವ್ವ ಅದನ್ನು ನೋಡಿದಳು. ಓಡಿಹೋಗಿ ಹಳ್ಳವನ್ನು ಬೇಡಿಕೊಂಡಳು. "ಹಳ್ಳವ್ವ, ನನ್ನ ಮಗಳ ಹೊಟ್ಟೆಯೊಳಕ್ಕೆ ಹೋಗಿ ತೊಳೆದು ಬಾರವ್ವ. ಒಂದು ಚೂರೂ ಉಳಿಸಬೇಡ."

"ಒಂದು ಚೂರೂ ಬೇಡವಾ? ಯೋಚನೆ ಮಾಡಿ ಹೇಳು," ಅಂದಿತು ಹಳ್ಳ.

"ಒಂದು ಚೂರೂ ಬೇಡ," ಅಂದಳು ಸಾಕವ್ವ.

ಹಳ್ಳ ಹೇಳಿದ ಹಾಗೇ ಮಾಡಿತು. ಈರಿಯ ಕರುಳಿನ ಮೂಲೆಮೂಲೆ ತೊಳೆದು, ಎಲ್ಲವನ್ನೂ ದಂಡೆಯ ಮೇಲೆ ಚೆಲ್ಲಿ, ತನ್ನ ಪಾಡಿಗೆ ತಾನು ಹೋಯಿತು.

ಅಲ್ಲಿಂದ ಶುರುವಾಯಿತು ನೋಡು ಸಂಕಟ. ಗಂಜಿ ಕುಡಿಸಿದರೆ ಗಂಜಿ ಹಾಗೇ ಹೊರಗೆ ಬಂತು. ಹಾಲು ಕುಡಿಸಿದರೆ ಹಾಲೂ ನಿಲ್ಲಲಿಲ್ಲ. ಈರಿಯ ಕೆನ್ನೆ ಒಳಕ್ಕೆ ಹೋಯಿತು, ಕಣ್ಣು ಗುಳಿಬಿದ್ದವು. "ಅವ್ವ" ಅನ್ನುವುದಕ್ಕೂ ಮಗುವಿಗೆ ಶಕ್ತಿಯಿಲ್ಲ. ಸಾಕವ್ವ ಗಳಿಗೆಗೊಮ್ಮೆ ಅದರ ಮೂಗಿನ ಹತ್ತಿರ ಕೈ ಹಿಡಿದು ಉಸಿರು ನೋಡುವಳು. ಉಸಿರು ತಾಗಿದರೂ ಸಮಾಧಾನವಿಲ್ಲ, ಮತ್ತೆ ಹಿಡಿಯುವಳು.

ಹೀಗಿರುವಾಗ ಅವಳ ಕಣ್ಣು ಹೆಪ್ಪಿನ ಚಿಪ್ಪಿನ ಮೇಲೆ ಬಿತ್ತು. ಮಡಕೆಗೆ ಹೆಪ್ಪು ಉಳಿಸಿಕೊಂಡೆ, ಮಗಳ ಹೊಟ್ಟೆಯ ಹೆಪ್ಪನ್ನು ನಾನೇ ತೊಳೆಸಿ ಕಳೆದೆನಲ್ಲಾ ಅಂತ ಬಿಕ್ಕಿಬಿಕ್ಕಿ ಅತ್ತಳು.

ಮಗುವನ್ನು ಹೆಗಲಿಗೆ ಹಾಕಿಕೊಂಡು ಹಸುವಿನ ಹತ್ತಿರ ಓಡಿದಳು. "ತಾಯಿ, ನಿನ್ನ ಹೊಟ್ಟೆಯ ಹೆಪ್ಪು ಒಂದಿಷ್ಟು ಕೊಡು."

ಹಸು ಮೆಲುಕು ನಿಲ್ಲಿಸಿತು. "ನನ್ನದು ಹುಲ್ಲಿನ ಹೆಪ್ಪು ಕಣವ್ವ. ನಿನ್ನ ಕೂಸಿಗೆ ಒಗ್ಗಲ್ಲ."

ಕಾಗೆಯನ್ನು ಕೇಳಿದಳು. "ನಾನು ತಿನ್ನೋದನ್ನ ನೋಡಿದ್ದೀಯಲ್ಲ? ನನ್ನದು ಕೊಟ್ಟರೆ ಇರೋ ಉಸಿರೂ ಹೋದೀತು," ಅಂದಿತು ಕಾಗೆ.

ಸಾಕವ್ವ ಹಳ್ಳದ ದಂಡೆಯಲ್ಲಿ ಕುಸಿದು ಕೂತಳು. ಈರಿಯ ತಲೆ ಹೆಗಲ ಮೇಲೆ ನಿಲ್ಲದೆ ಜೋಲುತ್ತಿತ್ತು. ಆಗ ಕಾಲ ಬಳಿಯ ಮಣ್ಣು ಸ್ವಲ್ಪ ಅಲ್ಲಾಡಿತು. ಕಿರುಬೆರಳಿನಷ್ಟು ಉದ್ದದ ಎರೆಹುಳು ತಲೆ ಎತ್ತಿತು.

"ಹಳ್ಳ ಚೆಲ್ಲಿದ್ದು ನನ್ನ ಮನೆ ಬಾಗಿಲಲ್ಲೇ," ಅಂದಿತು ಅದು. "ನಾನು ಒಂದು ಬಾಯಿ ನುಂಗಿದ್ದೆ. ನಿನ್ನ ಮಗಳದೇ ಹೆಪ್ಪು, ನನ್ನ ಹತ್ತಿರ ಇದೆ."

"ಉಗುಳಪ್ಪ, ಕೈ ಮುಗೀತೀನಿ."

"ಉಗುಳಿದರೆ ಇವತ್ತಿಗೆ ಆಯ್ತು. ನಾಳೆ ಕೆಟ್ಟ ನೀರು ಕುಡಿದು ಮತ್ತೆ ಬೇದಿಯಾದರೆ? ಒಳಗೊಬ್ಬರು ಮೂಲೆ ಹಿಡಿದು ಕೂತು ಹೆಪ್ಪು ಕಾಯಬೇಕು."

ಒಳಗೆ ಹೋದ ಹುಳುವಿಗೆ ಮತ್ತೆ ಮಳೆಯಿಲ್ಲ, ಮಣ್ಣಿಲ್ಲ. ಹೋಗು ಅನ್ನಲು ಸಾಕವ್ವನಿಗೆ ಬಾಯಿ ಬರಲಿಲ್ಲ. ಬೇಡ ಅನ್ನಲೂ ಬರಲಿಲ್ಲ.

ಹುಳುವೇ ಮಾತಾಡಿತು. "ಕತ್ತಲು ನನಗೆ ಹೊಸದಲ್ಲ, ಹೋಗ್ತೀನಿ. ಆದರೆ ನನ್ನ ಬಾಗಿಲು ಕಟ್ಟಿಕೊಂಡರೆ ಭಯ ಆಗುತ್ತೆ. ಕೂಗೋಕೆ ನನಗೆ ದನಿಯಿಲ್ಲ. ಊದಿಕೊಂಡು ಒದ್ದಾಡ್ತೀನಿ, ಮಗುವಿಗೆ ನೋವಾಗುತ್ತೆ. ಆಗ ಏನೋ ಸುಮ್ಮನೆ ಹೊಟ್ಟೆನೋವು ಅಂತ ಕೂತುಬಿಡಬೇಡ. ತಡಮಾಡಿದರೆ ನಾನು ಒಡೆದುಹೋಗ್ತೀನಿ, ಮಗುವೂ ಉಳಿಯಲ್ಲ."

"ಮರೆಯಲ್ಲ. ನನ್ನ ಮಗಳ ಮೇಲಾಣೆ," ಅಂದಳು ಸಾಕವ್ವ.

ಹುಳು ಗಂಜಿಯ ಜೊತೆ ಒಳಕ್ಕೆ ಜಾರಿತು. ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಕಡೆ, ಹೊಟ್ಟೆಯ ಬಲಗಡೆ ಕೆಳಗೆ, ನೀರಿನ ಸೆಳೆತ ತಾಗದ ಮೂಲೆ ಹಿಡಿದು ಕೂತಿತು. ಹೆಪ್ಪನ್ನು ಸ್ವಲ್ಪಸ್ವಲ್ಪವಾಗಿ ಬಿಟ್ಟಿತು. ಅವತ್ತು ಕುಡಿದ ಗಂಜಿ ಹೊಟ್ಟೆಯಲ್ಲಿ ನಿಂತಿತು. ಮಾರನೆಯ ದಿನ ಈರಿ ಕಣ್ಣುಬಿಟ್ಟು "ಅವ್ವ, ಹಸಿವು" ಅಂದಳು. ಸಾಕವ್ವ ನಗುತ್ತಾ ಅಳುತ್ತಾ ಒಲೆ ಹಚ್ಚಿದಳು. ಆದರೂ ಅವತ್ತಿನಿಂದ ಮಗಳು ಹೊಟ್ಟೆ ಮುಟ್ಟಿಕೊಂಡರೆ ಸಾಕು, ಅವಳ ಜೀವ ಕೈಗೆ ಬರುತ್ತಿತ್ತು.

ಹುಳು ಅಲ್ಲೇ ಇದ್ದು ಇದ್ದು ಕರುಳೇ ಆಗಿಹೋಯಿತು. ಈರಿಯ ಮಕ್ಕಳಿಗೂ ಬಂತು, ಮೊಮ್ಮಕ್ಕಳಿಗೂ ಬಂತು, ನಿನಗೂ ಬಂದಿದೆ. ಡಾಕ್ಟರು ಅದಕ್ಕೆ ಅಪೆಂಡಿಕ್ಸ್ ಅಂತಾರೆ. ಮೇಲಿಂದ ಅಂಟಿಕೊಂಡದ್ದು ಅಂತ ಅರ್ಥವಂತೆ, ಗಾಳಿಪಟದ ಬಾಲಂಗೋಚಿಯ ಹಾಗೆ. ಪಾಪ, ಅಷ್ಟು ಮಾಡಿದ್ದಕ್ಕೆ ಸಿಕ್ಕಿದ ಹೆಸರು ನೋಡು. ಆದರೆ ಅವರ ಪುಸ್ತಕದ ಪೂರ್ತಿ ಹೆಸರಿನಲ್ಲಿ ಹುಳುವಿನಂಥದು ಅನ್ನುವ ಮಾತೂ ಇದೆ.

ಅದಕ್ಕೇ ಮಗಾ, ಇವತ್ತಿಗೂ ನಿನ್ನಮ್ಮ ಹೆಪ್ಪು ಎತ್ತಿಡದೆ ಮೊಸರಿನ ಪಾತ್ರೆ ತೊಳೆಯಲ್ಲ, ನೀನು ಹೊಟ್ಟೆನೋವು ಅಂದ ಕೂಡಲೇ ಕೈಲಿದ್ದ ಕೆಲಸ ಬಿಟ್ಟು ಬಂದು, ಬಲಗಡೆ ಕೆಳಗೆ ಮೆಲ್ಲಗೆ ಒತ್ತಿ, "ಇಲ್ಲೇನಾ?" ಅಂತ ನಿನ್ನ ಮುಖವನ್ನೇ ನೋಡುತ್ತಾಳೆ.