ಬಾಲದಲ್ಲಿ ‘ದಿ’, ತಲೆಯಲ್ಲಿ ‘ದಿ’

“ಕೇಳ್ರಪ್ಪೋ ಕೇಳಿ! ಫ್ರೆಂಚರ ವಾರ, ತಿಂಗಳು ಬಲ್ಲವರು ಅರಮನೆಗೆ ಬರಬೇಕು. ರಾಜಕುಮಾರಿಯ ಮೂರು ಒಗಟು ಬಿಡಿಸಿದವನಿಗೆ ಅವಳನ್ನೇ ಕೊಟ್ಟು ಮದುವೆ. ತಪ್ಪಿದವನ ತಲೆ ಹಾರೀತು!”

ಅಳಿವೆಕೋಟೆಯಲ್ಲಿ ಹೀಗೆ ಡಂಗುರ ಹೊಡೆಸಿದ್ದಕ್ಕೆ ಕಾರಣವಿತ್ತು. ದುಭಾಷಿಗಳು ವಾರ ತಪ್ಪಿ ಹೇಳಿ, ಫ್ರೆಂಚರ ಹಡಗು ಮೂರು ಸಲ ಮೆಣಸು ಸಿಗದೆ ಬರಿದೇ ಹೋಗಿತ್ತು. ರಾಜ ದೇವರಸನ ಸಿಟ್ಟು ನೆತ್ತಿಗೇರಿತ್ತು.

ಸೋಮವಾರ ಸಭೆ ಸೇರಿತು. ಫ್ರೆಂಚ್ ಕಲಿತಿದ್ದ ರಾಜಕುಮಾರಿ ಪದ್ಮಲೆ ಮೊದಲು ಮಂತ್ರಿಯ ಮಗ ಚಿಕ್ಕರಾಯನನ್ನು ಕೇಳಿದಳು: “ಅವರ ವಾರಗಳು ಏಳು ಮಂದಿ ಅಣ್ಣತಮ್ಮಂದಿರು. ಆರು ಮಂದಿಗೆ ‘ದಿ’ ಬಾಲದಲ್ಲಿ, ಒಬ್ಬನಿಗೆ ಮಾತ್ರ ತಲೆಯಲ್ಲಿ. ಯಾರವನು?”

“ಶನಿವಾರ! ಅವನೇ ಎಲ್ಲರಿಗಿಂತ ವಕ್ರ.”

ಭಟರು ಅವನ ಕೈ ಕಟ್ಟಿದರು.

ಎರಡನೆಯದು ವಾಮನ ಪಂಡಿತರಿಗೆ. “ಹೆಸರಿನಲ್ಲಿ ಏಳು, ಕೂತದ್ದು ಒಂಬತ್ತನೆಯ ಜಾಗ. ಯಾವ ತಿಂಗಳು?”

“ಜುಲೈ. ಎಣಿಕೆ ನಿಮ್ಮದೇ ತಪ್ಪಿದೆ, ತಾಯಿ.”

ಪಂಡಿತರ ಕೈಗೂ ಹಗ್ಗ ಬಿತ್ತು.

“ಮೂರನೆಯದು. ಇವತ್ತು ಹೊರಟ ಅವರ ಕಪ್ತಾನ ‘ಎಂಟು ದಿನಕ್ಕೆ ಬರುತ್ತೇನೆ’ ಅಂದ. ಯಾವ ವಾರ ಬಂದಾನು?”

ಹಿಂದಿನಿಂದ ರೇವಿನ ಹಮಾಲಿ ದುಗ್ಗ, ಹೆಗಲ ಮೇಲಿನ ಮೆಣಸಿನ ಮೂಟೆ ಇಳಿಸಿ, ಮುಂದೆ ಬಂದ.

“ಮೂರಕ್ಕೂ ನಾನು ಹೇಳ್ತೀನಿ, ಬುದ್ಧಿ. ಗೆದ್ದರೆ ಈ ಇಬ್ಬರನ್ನೂ ಬಿಡಬೇಕು.”

“ಮೊದಲು ನಿನ್ನ ತಲೆ ನೋಡ್ಕೊಳೋ! ಫ್ರೆಂಚ್ ಎಲ್ಲಿ ಓದಿದೆ?” ಎಂದ ದೇವರಸ.

“ಎಲ್ಲಿಯ ಓದು! ಮೂರು ವರ್ಷ ಅವರ ಹಡಗಿನಲ್ಲಿ ಅಡುಗೆ ಮಾಡಿದೆ. ವಾಂದ್ರದಿ ಅಂದರೆ ಶುಕ್ರವಾರ, ಮೀನು. ದಿಮಾಂಶ್ ಅಂದರೆ ಭಾನುವಾರ, ಕೋಳಿ. ಅದಲುಬದಲಾದರೆ ಸೌಟಿನ ಪೆಟ್ಟು.”

ಪದ್ಮಲೆ ನಕ್ಕಳು. “ಹಾಗಾದರೆ ತಲೆಯಲ್ಲಿ ‘ದಿ’?”

“ಅದೇ ದಿಮಾಂಶ್, ಅಮ್ಮಾ. ಲಂದಿ, ಮಾರ್ದಿ, ಮೆರ್ಕ್ರದಿ, ಝೋದಿ, ವಾಂದ್ರದಿ, ಸಾಮ್ದಿ, ಎಲ್ಲಕ್ಕೂ ಬಾಲ. ಭಾನುವಾರ ಒಂದು ತಲೆಕೆಳಗು.”

“ತಿಂಗಳು?”

“ಸೆಪ್ತಾಂಬ್ರ್. ನಮ್ಮ ಸಪ್ತವೇ ಅದರೊಳಗೆ ಕೂತ ಹಾಗಿದೆ. ಹಿಂದೆ ವರ್ಷ ಮಾರ್ಚಿಗೆ ಶುರುವಾಗ್ತಿತ್ತಂತೆ, ಆಗ ಅದು ಏಳನೆಯದೇ. ಜಾಗ ಬದಲಾಯ್ತು, ಹೆಸರು ಉಳೀತು.”

“ಕಪ್ತಾನ?”

ದೇವರಸ ಬೆರಳು ಮಡಚಿ ಎಣಿಸಿ, “ಮಂಗಳವಾರ” ಎಂದು ಗೊಣಗಿದ. ಅದು ದುಗ್ಗನ ಕಿವಿಗೂ ಬಿತ್ತು. ಅವನು ತಲೆಯಾಡಿಸಿದ.

“ಸೋಮವಾರ, ಬುದ್ಧಿ. ಹೊರಟ ದಿನವನ್ನೂ ಅವರು ಎಣಿಸ್ತಾರೆ. ನಮ್ಮಜ್ಜಿಯೂ ಹಾಗೇ. ಸೋಮವಾರ ಹೋದ ಅಳಿಯ ಎಂಟು ದಿನಕ್ಕೆ ಬರ್ತೀನಂದರೆ, ಮುಂದಿನ ಸೋಮವಾರವೇ ರೊಟ್ಟಿ ತಟ್ಟೋಳು.”

“ಮೂರೂ ಸರಿ!” ಎಂದಳು ಪದ್ಮಲೆ.

ಹಗ್ಗ ಬಿಚ್ಚಿದರು. ಪಂಡಿತರು ಕುತ್ತಿಗೆ ಮುಟ್ಟಿ ನೋಡಿಕೊಂಡರು. ಚಿಕ್ಕರಾಯ ದುಗ್ಗನನ್ನು ಅಪ್ಪಿ ಅತ್ತೇಬಿಟ್ಟ. ದೇವರಸ ತನ್ನ ಕುತ್ತಿಗೆಯನ್ನೂ ಮೆಲ್ಲಗೆ ಸವರಿಕೊಂಡು ಎದ್ದು ನಿಂತ.

“ಡಂಗುರ ಹೊಡೆಯಿರಿ! ಎಂಟು ದಿನಕ್ಕೆ ಮದುವೆ!”

“ಯಾವ ವಾರ, ಮಹಾಪ್ರಭೂ?” ಎಂದ ಡಂಗುರದವನು.

ದೇವರಸ ಬೆರಳು ಮಡಚಲು ಹೋಗಿ ತಡೆದುಕೊಂಡ.

“ಅಳಿಯಂದಿರನ್ನು ಕೇಳು.”