ಸಣ್ಣಬೋರ ಆರಿಸಿದ ಮರ

ಹೂಂಗುಟ್ಟುವವರು ಮುಂದೆ ಬನ್ನಿ, ತೂಕಡಿಸುವವರು ಗೋಡೆಗೆ ಒರಗಿಕೊಳ್ಳಿ. ಕತೆ ಸಣ್ಣಬೋರನದು.

ನಂಜನಗೂಡಿನ ಕಡೆ ಒಂದು ಪೇಟೆ. ಅಲ್ಲಿ ತಳ್ಳುಗಾಡಿಯಲ್ಲಿ ಸೊಪ್ಪು ಮಾರುವ ಚೆನ್ನಾಜಮ್ಮ. ಅವಳಿಗೆ ಒಬ್ಬನೇ ಮಗ, ಸಣ್ಣಬೋರ. ಹೆಸರಿಗೆ ಸಣ್ಣ, ಆಳು ನೋಡಿದರೆ ಬಾಗಿಲಿಗೆ ತಲೆ ತಾಗಬೇಕು. ಎರಡು ಮೂಟೆ ಒಟ್ಟಿಗೇ ಎತ್ತುತ್ತಾನೆ. ಎಲ್ಲಿ ಇಳಿಸಬೇಕು ಅಂತ ಹೇಳದಿದ್ದರೆ ಸಂಜೆವರೆಗೂ ಹೊತ್ತುಕೊಂಡೇ ನಿಂತಿರುತ್ತಾನೆ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವುದು, ಅದೇ ಅವನ ರೋಗ.

"ನಾನು ಹೋದ ಮೇಲೆ ನಿನ್ನ ಗತಿ ಏನೋ ನನ್ನಪ್ಪಾ!" ಅಂತ ಚೆನ್ನಾಜಮ್ಮ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದಳು.

"ಎಲ್ಲಿಗೆ ಹೋಗ್ತೀಯವ್ವ?" ಅಂತ ಅವನು ಕೇಳುತ್ತಿದ್ದ. ಪಾಪ, ಅವಳು ಸೊಪ್ಪಿನ ಕಟ್ಟಿಗೆ ನೀರು ಚಿಮುಕಿಸುತ್ತಿದ್ದಳು.

ಅದೇ ಬೀದಿಯ ಕೊನೆಗೆ ಪಂಕಜಾಕ್ಷಿ ಟೀಚರ ಮನೆ. ಇಸ್ಕೂಲಿನ ಕೆಲಸ ಬಿಟ್ಟ ಮೇಲೆ ಟೀಚರು ಅಂಗಳದ ತುಂಬ ಬೋನ್ಸಾಯ್ ಬೆಳೆಸಿದ್ದರು. ಆಕಾಶ ಮುಟ್ಟುವ ಮರವನ್ನು ಮೊರದಂಥ ಕುಂಡದಲ್ಲಿ ಮೊಳದುದ್ದಕ್ಕೆ ನಿಲ್ಲಿಸುವ ವಿದ್ಯೆ ಅದು. ಬಿಸಿಲಿಗೆ ಎತ್ತಿಡು, ನೆರಳಿಗೆ ಎತ್ತಿಡು, ನೂರು ಕುಂಡ! ಟೀಚರ ಸೊಂಟ ಕೈಕೊಟ್ಟಿತ್ತು. ಖಾಯಂ ಆಗಿ ಒಬ್ಬ ಆಳು ಬೇಕು ಅಂದದ್ದೇ ತಡ, ಚೆನ್ನಾಜಮ್ಮ ಮಗನ ತಲೆಗೆ ಎಣ್ಣೆ ಹಚ್ಚಿ ಬಾಚಿ ಕರೆದುಕೊಂಡು ಹೋದಳು.

ಟೀಚರು ಕನ್ನಡಕದ ಮೇಲಿಂದ ನೋಡಿದರು. "ಬಲ ಇದೆ. ಮರ ಗುರುತಿಸೋ ಕಣ್ಣೂ ಬೇಕಲ್ಲಪ್ಪ? ಹೊಸಬರಿಗೆ ಆಗೋ ಅಂಥ ಮರ ಒಂದನ್ನ ಆರಿಸಿ, ಈ ಕುಂಡದಲ್ಲಿ ನೆಟ್ಟು ತಾ. ಹೆಸರು ನಾನು ಹೇಳಲ್ಲ. ಸುಲಭಕ್ಕೆ ಸಾಯದಂಥದ್ದು ನೋಡ್ಕೊ. ಮಳೆ ಹಿಡಿಯೋದ್ರೊಳಗೆ ತಂದ್ರೆ ಕೆಲಸ ನಿಂದು. ಇಲ್ದಿದ್ರೆ ಬೇರೆಯವರನ್ನ ನೋಡ್ಕೋತೀನಿ."

ಹೋದ ಸಣ್ಣಬೋರ. ಸಂಜೆಗೆ ಬಂದ. ಕುಂಡದಲ್ಲಿ ಏನು? ಒಣ ಕೊರಡು! ಗೆದ್ದಲು ತಿಂದು ತೂತುಬಿದ್ದ ಕೊರಡು!

"ಇದೇನೋ!" ಅಂದಳು ಅವ್ವ.

"ಸಾಯದ ಮರ ಕಣವ್ವ. ಸತ್ತು ಮೂರು ವರ್ಷ ಆಯ್ತಂತೆ. ಇನ್ನೆಲ್ಲಿ ಸಾಯ್ತದೆ?"

"ಅಯ್ಯೋ ನನ್ನ ಕರ್ಮವೇ! ತೊಗಟೆ ಕೆರೆದು ನೋಡ್ಬೇಕು ಕಣೋ! ಉಗುರಲ್ಲಿ ಕೆರೆದಾಗ ಒಳಗೆ ಹಸಿರು ಕಂಡ್ರೆ ಜೀವ ಅದೆ ಅಂತ!"

"ಹಂಗೇ ಆಗ್ಲವ್ವ. ಕೆರೀತೀನಿ."

ಕೆರೆದ. ಕಂಡದ್ದನ್ನೆಲ್ಲ ಕೆರೆದ. ಬೇಲಿ ಕೆರೆದ, ಬಾಗಿಲು ಕೆರೆದ, ಜಗಲಿ ಮೇಲೆ ಮಲಗಿದ್ದ ಮಾದಪ್ಪಜ್ಜನ ಮೊಣಕೈ ಕೆರೆದ. ಹಸಿರು ಕಾಣಲಿಲ್ಲ ಅಂತ "ಅಜ್ಜ ಹೋಗ್ಬುಟ್ಟ!" ಅಂತ ಗೋಳೋ ಅಂತ ಅತ್ತ. ಅಜ್ಜ ಎದ್ದು ದೊಣ್ಣೆ ಹುಡುಕುವ ಹೊತ್ತಿಗೆ ಇವನು ಟೀ ಅಂಗಡಿ ಹತ್ತಿರ ಇದ್ದ. ಅಲ್ಲಿಂದ ಮನೆಗೆ ಓಡಿ ಬಂದ ನೋಡಿ, ಮುಖದ ತುಂಬ ನಗು.

"ಸಿಕ್ತು ಕಣವ್ವ! ಮೇಲೆ ನೀಲಿ, ಕೆರೆದ್ರೆ ಒಳಗೆ ಹಸಿರು! ನಾಲ್ಕು ಬೇರೂ ಬಿಟ್ಟದೆ!"

ಕುಂಡದಲ್ಲಿ ನೆಟ್ಟಿದ್ದು ಟೀ ಅಂಗಡಿಯ ಸ್ಟೂಲು. ಹಸಿರು ಬಣ್ಣ ಹಳತಾಯಿತು ಅಂತ ಮೇಲೆ ನೀಲಿ ಬಳಿದಿದ್ದರು.

"ಸ್ಟೂಲಲ್ಲಿ ಎಲೆ ಅದಾ? ಎಲೆ ಬೇಡ್ವೇನೋ? ಸಣ್ಣ ಎಲೆ ಇರೋ ಮರ ನೋಡೋ! ದೊಡ್ಡ ಎಲೆ ಕುಂಡಕ್ಕೆ ಒಪ್ಪಲ್ಲ. ನಾನು ಹೋದ ಮೇಲೆ..."

"ಎಲ್ಲಿಗೆ ಹೋಗ್ತೀಯವ್ವ?"

ಮಾರನೆಯ ದಿನ ಬೆಳಗ್ಗೆ ಬೀದಿಯಲ್ಲಿ ಗಲಾಟೆಯೋ ಗಲಾಟೆ. ಓಡಿ ಹೋಗಿ ನೋಡಿದರೆ, ತಾತನ ಕಾಲದ ಹುಣಸೇಮರ, ಅದರ ಬುಡದಲ್ಲಿ ಸೊಂಟ ಮುಳುಗುವಷ್ಟು ಗುಂಡಿ, ಗುಂಡಿಯಲ್ಲಿ ಸಣ್ಣಬೋರ, ಪಕ್ಕದಲ್ಲಿ ಆ ಮೊರದಗಲ ಕುಂಡ!

"ಎಲೆ ಸಣ್ಣದಿರಲಿ ಅಂದೆ. ಮರ ಸಣ್ಣದಿರಲಿ ಅಂತ ಅನ್ಲಿಲ್ವಲ್ಲವ್ವ?"

ಟೀಚರೂ ಬಂದಿದ್ದರು. ಎಲ್ಲರೂ ಬೈದು ಮುಗಿಸಿದ ಮೇಲೆ ಗುಂಡಿಯ ಪಕ್ಕ ಕೂತು ನಿಧಾನಕ್ಕೆ ಹೇಳಿದರು. "ನೋಡು ಬೋರ, ಇದೇ ಕೊನೆ ಸಲ. ಹೊಸಬರ ಮರ ಕುಳ್ಳಗಿರಬೇಕು. ಬೆನ್ನು ಬಾಗಿರಬೇಕು. ಬೇರು ಮೇಲೆ ಎದ್ದು ಕಾಣಬೇಕು. ನೀರು ಹಾಕೋದು ಮರೆತ್ರೂ ಮುನಿಸ್ಕೋಬಾರದು. ನೀನು ಎಷ್ಟು ತಪ್ಪು ಮಾಡಿದ್ರೂ ತಡ್ಕೊಂಡು ಮತ್ತೆ ಚಿಗುರಬೇಕು. ದೂರ ಹುಡುಕ್ಬೇಡ, ಮನೆ ಹತ್ರಾನೇ ಇರುತ್ತೆ. ಒಂದು ಕುಂಡಕ್ಕೆ ಒಂದೇ ಮರ, ಬೇರೆ ಏನು ಹುಟ್ಟಿದ್ರೂ ಕಳೆ, ಕಿತ್ತಾಕು. ನೀರು ಹಾಕಿದ್ರೆ ತಲೆಯಿಂದ ಬುಡದವರೆಗೂ ನೆನೀಬೇಕು. ತರುವಾಗ ಅಲ್ಲಾಡಬಾರದು, ಬೇರು ನೊಂದ್ಕೊಳ್ತದೆ. ತಿಳೀತಾ?"

ಸಣ್ಣಬೋರ ಒಂದೊಂದು ಮಾತಿಗೂ ಒಂದೊಂದು ಬೆರಳು ಮಡಚಿದ. ಮನೆಗೆ ಬಂದು ಜಗಲಿಯ ಮೇಲೆ ಕೂತು ತುಂಬಾ ಹೊತ್ತು ಯೋಚಿಸಿದ. ಅವನು ಯೋಚಿಸುವುದನ್ನು ಯಾರೂ ಅದಕ್ಕೆ ಮುಂಚೆ ಕಂಡಿರಲಿಲ್ಲ.

ಮಧ್ಯಾಹ್ನ ಚೆನ್ನಾಜಮ್ಮ ಬಂದಳು. ಸೊಪ್ಪೆಲ್ಲ ಖರ್ಚಾಗಿತ್ತು. ಕಾಲು ನೋವು ಅಂತ ಖಾಲಿ ಗಾಡಿ ಮೇಲೇ ಕೂತಳು. ಮಗ ಹಿತ್ತಿಲ ಗೋಡೆ ಬುಡದ ಮಣ್ಣು ಅಗೆದು ತಂದು, ನೀರು ಕಲಸಿ, ಕುಂಡಕ್ಕೆ ತುಂಬಿ, ಕುಂಡವನ್ನು ಗಾಡಿ ಮೇಲೇರಿಸಿ, ಅವಳ ಎರಡು ಪಾದ ಅದರೊಳಗೆ ಇಟ್ಟ. ತಣ್ಣನೆ ಮಣ್ಣು. ಹಾಯಾಯಿತು. "ಅವ್ವನ ಕಾಲುನೋವು ತಿಳೀತದೆ ನನ್ನ ಕಂದಂಗೆ" ಅಂದುಕೊಂಡಳು. ಗಾಡಿಯಲ್ಲಿದ್ದ ಚೀಲದ ಗಂಟಿಗೆ ಒರಗಿದಳು, ಹಾಗೇ ನಿದ್ದೆ ಹೋದಳು.

ಎಚ್ಚರವಾದಾಗ ಗಾಡಿ ಟೀಚರ ಅಂಗಳದಲ್ಲಿತ್ತು, ಎದುರಿಗೆ ಪಂಕಜಾಕ್ಷಿ ಟೀಚರು ಬಾಯಿಬಿಟ್ಟುಕೊಂಡು ನಿಂತಿದ್ದರು.

"ತಂದಿವ್ನಿ ಟೀಚರೇ!" ಅಂದ ಸಣ್ಣಬೋರ. "ಕುಳ್ಳಗವ್ಳೆ. ಬೆನ್ನು ಬಾಗಿ ಅದೆ. ಬೇರು ನೋಡಿ, ಕೈಮೇಲೆ ಹೆಂಗೆ ಎದ್ದವೆ! ಎರಡು ಹೊತ್ತು ಊಟ ಬಿಟ್ರೂ ಮುನಿಸ್ಕೊಳಲ್ಲ. ನಾನು ಹುಟ್ಟಿದಾಗಿಂದ ತಪ್ಪೇ ಮಾಡ್ತಾ ಇವ್ನಿ, ಒಂದಿನಾನೂ ಒಣಗಿಲ್ಲ. ದೂರ ಹುಡುಕ್ಲೇ ಇಲ್ಲ, ಮನೇಲೇ ಇತ್ತು!"

ಟೀಚರು ಕನ್ನಡಕ ತೆಗೆದರು, ಒರೆಸಿದರು, ಹಾಕಿದರು. ಹಾಕಿದಾಗ ಚೆನ್ನಾಜಮ್ಮನ ಹಿಮ್ಮಡಿ ಪಕ್ಕದಲ್ಲಿ ಬೆರಳುದ್ದದ ಒಂದು ಸಸಿ ಕಂಡಿತು. ಹಿತ್ತಿಲ ಮಣ್ಣಿನ ಜೊತೆ ಬಂದದ್ದು.

"ಆಲ!" ಅಂತ ಕೂಗಿದರು. "ಆಲದ ಸಸಿ! ಹೊಸಬರಿಗೆ ಇದಕ್ಕಿಂತ ಒಳ್ಳೇ ಮರವೇ ಇಲ್ಲ! ಕುಂಡದಲ್ಲೇ ಅದೆಯಲ್ಲೋ ಬೋರ!"

"ಅಯ್ಯೋ, ಕಳೆ!" ಅಂದ ಸಣ್ಣಬೋರ. ಬಗ್ಗಿದ, ಕಿತ್ತ, ಬೇಲಿಯಾಚೆ ಎಸೆದ. "ನೀವು ಹೇಳಿದ್ರಲ್ಲ, ಕುಂಡಕ್ಕೆ ಒಂದೇ ಮರ!"

ಚೆನ್ನಾಜಮ್ಮ ಮುಖ ಮುಚ್ಚಿಕೊಂಡಳು. "ಹೋಯ್ತು, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ! ನಾನು ಹೋದ ಮೇಲೆ ನಿನ್ನ ಗತಿ ಏನೋ!"

"ನೀನೆಲ್ಲಿಗೆ ಹೋಗ್ತೀಯವ್ವ? ನೆಟ್ಟಾಯ್ತಲ್ಲ!"

ಟೀಚರು ಗಾಡಿ ನೋಡಿದರು, ಹಿಂದಿನ ರಸ್ತೆ ನೋಡಿದರು. ಹೆಜ್ಜೆಗೊಂದು ಹಳ್ಳ. "ಚೆನ್ನಾಜಮ್ಮ, ಈ ರಸ್ತೇಲಿ ತಳ್ಕೊಂಡು ಬಂದ್ರೂ ನಿಮಗೆ ಎಚ್ಚರ ಆಗ್ಲಿಲ್ವಾ?"

"ಹಳ್ಳ ಬಂದ ಕಡೆ ಗಾಡಿ ಎತ್ಕೊಂಡು ದಾಟಿದೆ ಟೀಚರೇ. ಬೇರು ನೊಂದ್ಕೊಳ್ತದಲ್ಲ" ಅಂದ ಸಣ್ಣಬೋರ.

"ಮರ ಆರಿಸೋದು ನಾನು ನೋಡ್ಕೋತೀನಿ" ಅಂದರು ಟೀಚರು, ಮೂಗು ಒರೆಸಿಕೊಂಡು. "ನನ್ನ ಕುಂಡ ಹೊರೋಕೆ ಇಂಥ ಕೈ ಇನ್ನೆಲ್ಲೂ ಸಿಗಲ್ಲ. ನಾನಿದ್ರೂ ಇಲ್ದಿದ್ರೂ ಈ ಅಂಗಳ ಇವನದೇ. ಬೋರ, ಇವತ್ತಿಂದಲೇ ಕೆಲಸಕ್ಕೆ ನಿಲ್ಲು. ಹೋಗು, ಮೊದಲು ಮರಕ್ಕೆ ನೀರು ಹಾಕು."

ಹೇಳಿ ಬಾಯಿ ಮುಚ್ಚಿರಲಿಲ್ಲ, ಸಣ್ಣಬೋರ ತುಂಬಿದ ಬಕೀಟು ಎತ್ತಿದ. ಅಂಗಳದಲ್ಲಿ ನೂರು ಮರ ಇದ್ದವು. ಅವನು ಗಾಡಿಯ ಹತ್ತಿರ ಬಂದ. ದಬದಬ ಅಂತ ಅವ್ವನ ತಲೆಯಿಂದ ಬುಡದವರೆಗೂ ನೆನೆಯುವ ಹಾಗೆ ಸುರಿದ.

ಚೆನ್ನಾಜಮ್ಮ ಬೈಯಲು ಬಾಯಿ ತೆರೆದಳು. ಬೈಗುಳ ಬರಲಿಲ್ಲ, ನಗು ಬಂತು. ತೊಟ್ಟಿಕ್ಕುತ್ತಾ, ಕೆಸರಲ್ಲಿ ಕಾಲಿಟ್ಟುಕೊಂಡು, ಎಷ್ಟೋ ವರ್ಷದಿಂದ ನಗದೇ ಇದ್ದವಳು ಬಿದ್ದು ಬಿದ್ದು ನಕ್ಕಳು.

ಸಣ್ಣಬೋರ ಬಗ್ಗಿ ಅವಳ ಮುಖವನ್ನೇ ನೋಡಿದ.

"ನೋಡಿ ಟೀಚರೇ, ಚಿಗುರ್ತು!"