ಕೊಸರು ಬೀದಿ

ಲಿಸ್ಬನ್ ನಗರದಲ್ಲಿ ನದಿಯ ಕಡೆಗೆ ಇಳಿಯುವ ಒಂದು ಕಲ್ಲುಹಾಸಿನ ಬೀದಿಯಿದೆ. ಶನಿವಾರ ಬಂತೆಂದರೆ ಅಲ್ಲಿ ಕಾಲಿಡಲು ಜಾಗವಿಲ್ಲ. ಬಟ್ಟೆಯ ಚಪ್ಪರಗಳ ಕೆಳಗೆ ಮೀನು, ಗಿಣ್ಣು, ಅಂಜೂರ, ಹಳೆಯ ಬೀಗ, ಒಂಟಿ ಚಪ್ಪಲಿ ಎಲ್ಲವೂ ಮಾರಾಟಕ್ಕೆ ಕೂತಿರುತ್ತವೆ. ಬೀದಿಯ ತುದಿಯ ಹೆಂಚಿನ ಫಲಕದಲ್ಲಿ ‘ರುವಾ ದೊ ಕೊಸಾರು’, ಅಂದರೆ ಕೊಸಾರಿನ ಬೀದಿ, ಎಂದು ಬರೆದಿದೆ. ಇದು ಯಾವನೋ ಸಂತನ ಹೆಸರೆಂದು ಅಲ್ಲಿಯ ಪಂಡಿತರು ವಾದಿಸುತ್ತಾರೆ. ಪಾಪ, ಅವರಿಗೆ ಕನ್ನಡ ಬಾರದು. ಆ ಬೀದಿಗೆ ಹೆಸರಿಟ್ಟವನು ನಮ್ಮ ಬಸರೂರಿನ ದುಗ್ಗಣ ಸೆಟ್ಟಿ, ಅದೂ ಸಿಟ್ಟಿನಲ್ಲಿ!

ಹಿಂದೆ ಒಮ್ಮೆ, ಹಡಗುಗಳು ಗಾಳಿಯ ಮರ್ಜಿಯಲ್ಲಿ ಓಡಾಡುತ್ತಿದ್ದ ಕಾಲದಲ್ಲಿ, ದುಗ್ಗಣ ಸೆಟ್ಟಿ ಕಾಳುಮೆಣಸಿನ ಮೂಟೆಗಳೊಂದಿಗೆ ಆ ಬಂದರಿಗೆ ಬಂದಿಳಿದನಂತೆ. ಮೊದಲ ಮೂಟೆ ಬಿಚ್ಚಿದಾಗ ಅದರ ಘಾಟಿಗೆ ಇಗರ್ಜಿಯ ಗಂಟೆಯಾಳು ಹಗ್ಗ ಹಿಡಿದುಕೊಂಡೇ ಸೀನತೊಡಗಿ, ಊರಿನವರು ಹಬ್ಬವೆಂದು ತಿಳಿದು ಅಂಗಡಿ ಮುಚ್ಚಿದರು ಎನ್ನುತ್ತಾರೆ. ಅಂಥ ಮೆಣಸು! ಜೊತೆಗೆ ಅವನ ಹೆಂಡತಿಯ ತಮ್ಮ ಬೊಮ್ಮಯ್ಯನೂ ಬಂದಿದ್ದ. ಒಂದು ಬೆಳಿಗ್ಗೆ ಇಬ್ಬರೂ ಸಂತೆಗೆ ಹೋದರು. ಉಪ್ಪುನೀರಿನಲ್ಲಿ ತೇಲುತ್ತಿದ್ದ ಆಲಿವ್ ಕಾಯಿಗಳು ಸೆಟ್ಟಿಯ ಕಣ್ಣಿಗೆ ಮನೆಯ ಮಿಡಿ ಉಪ್ಪಿನಕಾಯಿಯಂತೆ ಕಂಡವು. ಬೆರ್ನಾರ್ದೊ ಎಂಬ ವ್ಯಾಪಾರಿ ಅಳೆದು ಕೊಟ್ಟ. ಸೆಟ್ಟಿ ಕೊಂಡು, ಅಭ್ಯಾಸಬಲದಿಂದ ಇನ್ನೊಂದು ಕೈ ಚಾಚಿ, “ಕೊಸರು?” ಎಂದ.

ಅಳತೆಯ ಮೇಲೆ ಪ್ರೀತಿಗೆಂದು ಒಂದು ಹಿಡಿ ಹಾಕುವುದು ನಮ್ಮಲ್ಲಿ ಕೊಡುವವನಿಗೇ ಮರ್ಯಾದೆ. ಬೆರ್ನಾರ್ದೊಗೆ ಅದು ಹೇಗೆ ತಿಳಿಯಬೇಕು? “ನೋಡಿರೋ, ಮೆಣಸಿನ ಧಣಿ ಭಿಕ್ಷೆಗೆ ನಿಂತಿದ್ದಾನೆ!” ಎಂದು ಬೀದಿಗೇ ಕೇಳುವಂತೆ ಕೂಗಿ, ಬಾಯಲ್ಲಿ ಚೀಪುತ್ತಿದ್ದ ಆಲಿವ್ ಬೀಜವನ್ನು ಆ ಚಾಚಿದ ಅಂಗೈಗೆ ಉಗಿದ. ಬೀದಿಗೆ ಬೀದಿಯೇ ನಕ್ಕಿತು. ಸೆಟ್ಟಿಯ ಕಿವಿ ಕಾದ ಕಬ್ಬಿಣವಾಯಿತು.

“ಹೋಗ್ಲಿ ಬಿಡಿ ಭಾವ, ನಾಳೆ ಹಡಗು ಹೊರಡ್ತದೆ,” ಎಂದ ಬೊಮ್ಮಯ್ಯ.

“ಹಡಗು ಹೋಗ್ಲಿ ಮಾರಾಯ. ಇವನೇ ನನ್ನ ಮುಂದೆ ಕೈ ಒಡ್ಡಿ ಕೊಸರು ಅನ್ನುವವರೆಗೆ ನನಗೆ ಊರೂ ಇಲ್ಲ, ಮನೆಯೂ ಇಲ್ಲ!”

“ಅಕ್ಕ ನನ್ನ ಚರ್ಮ ಸುಲೀತಾಳೆ.”

“ಸುಲೀಲಿ. ನಿನ್ನದಲ್ವಾ!”

ಹಡಗು ಹೊರಟುಹೋಯಿತು. ಸೆಟ್ಟಿ ಬೆರ್ನಾರ್ದೊನ ಎದುರಿಗೇ ಮೆಣಸಿನ ಅಂಗಡಿ ಹಾಕಿದ. ಅಳೆದುಕೊಟ್ಟ ಮೇಲೆ ಪ್ರತಿಯೊಬ್ಬರಿಗೂ ಒಂದು ಹಿಡಿ ಎತ್ತಿ ಹಾಕಿ, “ಕೊಸರು!” ಎಂದು ಗರ್ಜಿಸುತ್ತಿದ್ದ. ಜನ ರುಚಿ ಹತ್ತಿದವರಂತೆ ಮುಗಿಬಿದ್ದರು. ಆಮೇಲೆ ಮೀನಿನವಳ ಬಳಿ ಕೊಸರು ಕೇಳಿದರು, ರೊಟ್ಟಿಯವನ ಬಳಿ ಕೇಳಿದರು. ಮದುವೆಯೊಂದರಲ್ಲಿ ಪಾದ್ರಿಗಳ ಬಳಿಯೂ ಕೊಸರಿಗೆಂದು ಇನ್ನೊಂದು ಹಾಡು ಹೇಳಿಸಿಕೊಂಡರಂತೆ. ಕೊಟ್ಟವರ ಅಂಗಡಿ ತುಂಬಿತು. ಬೆರ್ನಾರ್ದೊ ಮಾತ್ರ ಹಟ ಬಿಡಲಿಲ್ಲ, ಅವನ ಆಲಿವ್ ಪೀಪಾಯಿಗಳಿಗೆ ಬೂಷ್ಟು ಹಿಡಿಯಿತು. ಎದುರಿಗೆ ಕೂತ ಸೆಟ್ಟಿ ಆ ಬೂಷ್ಟನ್ನು ಹೂದೋಟ ನೋಡುವಂತೆ ನೋಡುತ್ತಿದ್ದ.

ಚಳಿಗಾಲ ಬಂತು. ಬೆರ್ನಾರ್ದೊನ ಮನೆಯಲ್ಲಿ ಮಗಳ ಮದುವೆ. ಮೆಣಸಿಲ್ಲದೆ ಮಾಂಸದಡಿಗೆ ಆಗುವ ಹಾಗಿಲ್ಲ, ಊರಿನಲ್ಲಿ ಮೆಣಸು ಉಳಿದಿದ್ದದ್ದು ಒಂದೇ ಕಡೆ. ಅವನು ತಲೆ ತಗ್ಗಿಸಿ ಬೀದಿ ದಾಟಿದಾಗ ಸಂತೆಯ ಗದ್ದಲವೆಲ್ಲ ನಿಂತಿತು. ಸೆಟ್ಟಿ ಅಳತೆಯ ಪಾತ್ರೆಗೆ ಗೋಪುರದಂತೆ ಮೆಣಸು ತುಂಬಿದ. ಮರುಕ್ಷಣ ಪಾತ್ರೆಯ ಬಾಯಿಯ ಮೇಲೆ ಬೆರಳೆಳೆದು ಗೋಪುರವನ್ನೆಲ್ಲ ಮೂಟೆಗೆ ಕೆಡವಿ, ಉಳಿದದ್ದನ್ನು ಸುರಿದುಕೊಟ್ಟ. ಬೆರ್ನಾರ್ದೊ ಕದಲಲಿಲ್ಲ. ಮದುವೆಮನೆಗೆ ಅಷ್ಟು ಸಾಲದು, ಇನ್ನೊಂದು ಅಳತೆಗೆ ಕೈಯಲ್ಲಿ ಕಾಸಿಲ್ಲ. ಮೆಲ್ಲಗೆ ಅಂಗೈ ಬಿಚ್ಚಿ, “ಕೊ... ಸಾರು,” ಎಂದ.

“ಆಯ್ತಲ್ಲ ಭಾವ, ಹಾಕಿಬಿಡಿ ಒಂದು ಹಿಡಿ,” ಎಂದ ಬೊಮ್ಮಯ್ಯ.

ಸೆಟ್ಟಿ ಆ ಬರಿಗೈಯನ್ನು ಕಣ್ತುಂಬ ನೋಡಿದ. “ಅಳತೆ ಸರಿಯಾಗಿದೆ,” ಎಂದು ಮೂಟೆಯ ಬಾಯಿ ಕಟ್ಟಿದ.

ಈಗಲೂ ಆ ಸಂತೆಗೆ ಹೋದವರು ಕಾಣಬಹುದು: ಅಂಜೂರ ತೂಗಿದ ಮುದುಕಿ ಮೇಲೊಂದು ಹಾಕಿ “ಕೊಸಾರು!” ಎನ್ನುತ್ತಾಳೆ. ಆದರೆ ಯಾರ ಮೇಲಾದರೂ ಹಗೆಯಿದ್ದರೆ ಅಲ್ಲಿ ಬೈಯುವುದಿಲ್ಲ, ಹೊಡೆಯುವುದಿಲ್ಲ. ಅವರ ಕಣ್ಣೆದುರೇ ಪಾತ್ರೆಯ ಮೇಲೆ ಬೆರಳೆಳೆದು, ಕಾಳಿಗೆ ಕಾಳು ಸರಿಯಾಗಿ ಅಳೆದು ಕೊಡುತ್ತಾರೆ. ಹಾಗೆ ಅಳೆಸಿಕೊಂಡವನು ಸಾಮಾನನ್ನು ಅಲ್ಲೇ ಬಿಟ್ಟು, ಬೇರೆ ಬೀದಿ ಹಿಡಿದು ಮನೆಗೆ ಹೋಗುತ್ತಾನೆ ಎನ್ನುತ್ತಾರೆ.